ಹದಿನಾರು ಕೆಜಿ ಸ್ವಿಟ್ಜರ್‌ಲ್ಯಾಂಡ್

ರಜೆ ಕೊಟ್ಟು, ಅದರ ಬೆನ್ನಿಗೇ ಮನೆಗೆಲಸವನ್ನೂ ಕಟ್ಟಿ ಕಳಿಸುವ ಶಾಲೆಯ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂತು. ಜುಲೈ ಕೊನೆ. ಜಪಾನಿನ ಈ ಇಚಿಕಾವಾ ಊರಿನ ಸೆಕೆಯಲ್ಲಿ ಮನುಷ್ಯ ಹಬೆಗಿಟ್ಟ ಕಡುಬಿನ ಹಾಗೆ ಬೇಯುತ್ತಾನೆ. ಅಂಥ ಬಿಸಿಲಲ್ಲಿ ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು ಬೆನ್ನಿಗೆ ಚರ್ಮದ ಬ್ಯಾಗು, ಒಂದು ಕೈಯಲ್ಲಿ ಬಣ್ಣದ ಡಬ್ಬಿಗಳ ಚೀಲ, ಇನ್ನೊಂದು ಕೈಯಲ್ಲಿ ಭೂಕಂಪ ಬಂದರೆ ತಲೆಗೆ ಹಾಕಿಕೊಳ್ಳುವ ಹತ್ತಿ ತುಂಬಿದ ಟೋಪಿ ಹಿಡಿದು ಒಬ್ಬಳೇ ನಡೆದು ಬಂದಳು. ಕರೆತರಲು ಯಾರೂ ಹೋಗುವ ಹಾಗಿಲ್ಲ. ಇಲ್ಲಿ ಮಕ್ಕಳು ತಮ್ಮ ಸಾಮಾನು ತಾವೇ ಹೊತ್ತು, ತಾವೇ ಶಾಲೆಗೆ ಹೋಗಿ ಬರಬೇಕು. ಅದೇ ಇಲ್ಲಿನ ಪದ್ಧತಿ.

ಬಂದವಳು ಶೂ ಬಿಚ್ಚಿ, ನೀರು ಕುಡಿದು, ಒಂದು ಹಾಳೆ ತೋರಿಸಿದಳು. ರಜೆಯಲ್ಲಿ ಪ್ರತಿ ಮಗುವೂ ತನಗೆ ಬೇಕಾದ ಒಂದು ಪ್ರಶ್ನೆ ಹಿಡಿದುಕೊಂಡು, ತಾನೇ ಹುಡುಕಿ, ತಾನೇ ಏನಾದರೂ ಮಾಡಿ, ಸೆಪ್ಟೆಂಬರಿನ ಮೊದಲ ದಿನ ಶಾಲೆಗೆ ಒಯ್ದು ಕ್ಲಾಸಿನ ಮುಂದೆ ನಿಂತು ಹೇಳಬೇಕಂತೆ. ಅದಕ್ಕೆ ಜಿಯೂ ಕೆಂಕ್ಯೂ ಅನ್ನುತ್ತಾರೆ.

"ನಿನ್ನ ಪ್ರಶ್ನೆ ಏನು ಪುಟ್ಟಿ?" ಎಂದೆ.

ಅವಳು ಲೈಬ್ರರಿಯ ಪುಸ್ತಕವೊಂದನ್ನು ತೆರೆದು ನನ್ನ ತೊಡೆಯ ಮೇಲಿಟ್ಟಳು. ಯಾವುದೋ ದೇಶದ ನಕ್ಷೆ, ತುಂಬ ಬೆಟ್ಟಗಳು. "ತಾತ, ಇದು ಸ್ವಿಟ್ಜರ್‌ಲ್ಯಾಂಡ್. ಇದಕ್ಕೆ ಸೀ ಇಲ್ಲ. ಜಪಾನ್‌ಗೆ ಎಲ್ಲಾ ಸೈಡ್ ಸೀ ಇದೆ. ಇದಕ್ಕೆ ಒಂದು ಸೈಡ್ ಕೂಡ ಇಲ್ಲ. ಹಾಗಾದ್ರೆ ಇದರ ನೀರು ಎಲ್ಲಿ ಹೋಗತ್ತೆ?"

ನನ್ನ ಮೈಯೆಲ್ಲ ಅರಳಿತು. ಮಗಳು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳೆ, ಅಳಿಯ ಕಂಪ್ಯೂಟರಿನವರು. ಆದರೆ ಈ ಮಗು ಕೇಳಿದ್ದು ನನ್ನ ವಿದ್ಯೆಯ ಪ್ರಶ್ನೆಯನ್ನು. ನಾನು ಗಾರೆ ಮೇಸ್ತ್ರಿ. ಓದಿದ್ದು ಇವಳ ಕ್ಲಾಸಿನಷ್ಟೇ, ಅದನ್ನೂ ಪೂರ್ತಿ ಮಾಡಲಿಲ್ಲ. ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೊಂದು ಮಾತ್ರ ನನಗೆ ಗೊತ್ತು. ರಜೆಯಲ್ಲಿ ಮಗುವನ್ನು ನೋಡಿಕೊಳ್ಳಲೆಂದು ನನ್ನನ್ನು ಮೂರು ತಿಂಗಳ ವೀಸಾದಲ್ಲಿ ಕರೆಸಿದ್ದರು. ಅಲ್ಲಿಯವರೆಗೆ ಟಿವಿ ಎದುರು ಕೂತು, ಅರ್ಥವಾಗದ ಸುಮೋ ಕುಸ್ತಿ ನೋಡುತ್ತಿದ್ದವನಿಗೆ ಒಂದು ಕೆಲಸ ಸಿಕ್ಕಿತು.

"ಬೆಟ್ಟ ಕಟ್ಟೋಣ. ನೀರು ಹಾಕಿ ತೋರಿಸೋಣ" ಎಂದೆ.

ಅವಳ ಕಣ್ಣು ಹೊಳೆಯಿತು, ಆದರೆ ಬೆರಳೆತ್ತಿದಳು. "ಒಂದು ರೂಲ್. ನಾನೇ ಮಾಡ್ಬೇಕು. ನಾನೇ ತಗೊಂಡ್ ಹೋಗ್ಬೇಕು. ನಾನೇ ಹೇಳ್ಬೇಕು."

ಹಿಂದಿನ ವರ್ಷದ ಕಥೆ ಮಗಳು ಆಮೇಲೆ ಹೇಳಿದಳು. ಅಳಿಯಂದಿರು ಗೇಟು ತಾನೇ ಏಳುವ, ತಾನೇ ಇಳಿಯುವ ರೈಲು ಕ್ರಾಸಿಂಗ್ ಮಾಡಿಕೊಟ್ಟಿದ್ದರಂತೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಅದು ಹೇಗೆ ಏಳುತ್ತದೆ ಎಂದು ಕೇಳಿದಾಗ ಇವಳಿಗೆ ಹೇಳಲು ಬರಲಿಲ್ಲ. "ಅದು ನಿನ್ನ ಅಪ್ಪನ ಹೋಂವರ್ಕು" ಎಂದು ವರ್ಷವಿಡೀ ಛೇಡಿಸಿದ್ದರು. ಈ ಸಲವೂ ಹಾಗೇ ಆದರೆ ಮಗು ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಡುತ್ತಾಳೆ ಎಂದು ಮಗಳಿಗೆ ಭಯ. ನನಗೆ ಅಳಿಯನ ಮೇಲೆ ಸಿಟ್ಟು ಬಂತು. ಇಷ್ಟು ಓದಿದವರಿಗೆ ಇಷ್ಟೂ ತಿಳಿಯಬಾರದೇ?

ಇಂಥ ಮಾತನಾಡಿದವನು ನಾನೇ. ಮುಂದೆ ಏನು ಮಾಡಿದೆ ನೋಡಿ.

ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಮನೆ ಕಟ್ಟುವ ಸಾಮಾನಿನ ದೊಡ್ಡ ಅಂಗಡಿಯಿದೆ. ನಾನೂ ಮೊಮ್ಮಗಳೂ ಹೋದೆವು. ಸಿಮೆಂಟನ್ನು ರಾಗಿ ಹಿಟ್ಟಿನ ಹಾಗೆ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಿದ್ದರು. ಮರಳಂತೂ ತೊಳೆದು, ಜರಡಿ ಹಿಡಿದು, ದೇವರ ಅಕ್ಷತೆಯಂತಿತ್ತು. ಗೋಡೆಯ ತುಂಬ ಗಾರೆ ಬಳಿಯುವ ಕರಣೆಗಳು, ಎಲೆಯಾಕಾರದವು, ಚೌಕದವು, ಬೆರಳಗಲದವು. ಕೈಯಲ್ಲಿ ಹಿಡಿದು ಮಣಿಕಟ್ಟು ತಿರುಗಿಸಿ ನೋಡಿದೆ. ನನ್ನ ಕೈ ನನಗೆ ವಾಪಸು ಸಿಕ್ಕಿದಂತಾಯಿತು.

ಮೊಮ್ಮಗಳು ಕಾಗದದ ಜೇಡಿಯ ಪ್ಯಾಕೆಟ್ಟು ಹಿಡಿದು ನಿಂತಿದ್ದಳು. ಮಕ್ಕಳು ಗೊಂಬೆ ಮಾಡುವಂಥದ್ದು, ಹತ್ತಿಯಷ್ಟು ಹಗುರ.

"ಅದೇನ್ ಪುಟ್ಟಿ, ಬೆಟ್ಟ ಅಂದ್ಮೇಲೆ ಗಟ್ಟಿ ಇರ್ಬೇಕು. ಇಡು ಅದನ್ನ" ಎಂದೆ. ಅವಳು ಇಟ್ಟಳು. ಆಗ ಅವಳ ಮುಖವನ್ನು ನಾನು ನೋಡಲಿಲ್ಲ.

ಬಾಲ್ಕನಿಯಲ್ಲಿ ಕೆಲಸ ಶುರುವಾಯಿತು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ಡು. ಮೇಲೆ ಸಣ್ಣ ಕಣ್ಣಿನ ಜಾಲರಿ ಬಗ್ಗಿಸಿ ಮೊಳೆ ಹೊಡೆದೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಮಿಶ್ರಣ. ನಕ್ಷೆಯಲ್ಲಿ ದೊಡ್ಡ ಬೆಟ್ಟಗಳೆಲ್ಲ ಕೆಳಗಡೆ, ಅಂದರೆ ದಕ್ಷಿಣಕ್ಕೆ ಇದ್ದವು. ಉತ್ತರಕ್ಕೆ ನೆಲ ತಗ್ಗು. ಸರಿ, ದಕ್ಷಿಣದಲ್ಲಿ ಎತ್ತರಿಸಿ ಉತ್ತರಕ್ಕೆ ಇಳಿಜಾರು ಕೊಟ್ಟೆ. ತಾರಸಿಗೆ ಹೀಗೇ ಕೊಡುವುದು. ಎಷ್ಟೇ ದೊಡ್ಡ ತಾರಸಿಯಾಗಲಿ, ನೀರೆಲ್ಲ ಒಂದು ಮೂಲೆಗೆ ಬಂದು ಒಂದು ಪೈಪಿನಲ್ಲಿ ಇಳಿಯಬೇಕು. ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ತೂತು ಬಿಟ್ಟೆ. ಶಿಖರಗಳನ್ನು ಬೆರಳಗಲದ ಕರಣೆಯಲ್ಲಿ ಒಂದೊಂದಾಗಿ ಕೆತ್ತಿದೆ. ಒದ್ದೆ ಟವೆಲ್ ಹೊದಿಸಿ ದಿನಕ್ಕೆ ಆರು ಸಲ ನೀರುಣಿಸಿದೆವು. ನೀರುಣಿಸಿದ್ದು ಮೊಮ್ಮಗಳು. ಅವಳಿಗೆ ಸಿಕ್ಕಿದ ಕೆಲಸ ಅದೊಂದೇ.

ಅಳಿಯಂದಿರು ಆಫೀಸಿನಿಂದ ಬಂದು ಬಾಲ್ಕನಿಗೆ ಇಣುಕಿದರು. "ಮಾವ, ಇದಕ್ಕೆಲ್ಲ ಕಿಟ್ ಬರತ್ತೆ. ಆನ್‌ಲೈನಲ್ಲಿ ಹಾಕಿದ್ರೆ ನಾಳೇನೇ ಡೆಲಿವರಿ."

"ನಿಮ್ ಮನೇನೂ ಕಿಟ್ಟಲ್ಲೇ ಬಂತಾ?"

"ಆಲ್ಮೋಸ್ಟ್ ಹಾಗೇ ಮಾವ. ಇಲ್ಲಿ ಗೋಡೆನೂ ಫ್ಯಾಕ್ಟರಿಯಿಂದ್ಲೇ ಬರತ್ತೆ."

"ಅದಕ್ಕೇ ಮೊಳೆ ಹೊಡೆದ್ರೆ ಡಬ್ ಡಬ್ ಅನ್ನತ್ತೆ" ಎಂದು ಬಾಯಿ ಮುಚ್ಚಿಸಿದೆ.

ಐದನೆಯ ದಿನ ಟವೆಲ್ ತೆಗೆದೆ. ಏನು ಹೇಳಲಿ, ಸೂರ್ಯನ ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಕಣಿವೆಯೂ ನೆರಳು ತುಂಬಿಕೊಂಡು ಕೂತಿತ್ತು. ಮೂವರನ್ನೂ ಕರೆದೆ. ಮೊಮ್ಮಗಳ ಕೈಗೆ ತಂಬಿಗೆ ಕೊಟ್ಟು, "ಹಾಕು" ಎಂದೆ. ಅವಳು ಬೆಟ್ಟದ ನೆತ್ತಿಯಿಂದ ಸುರಿದಳು. ಒಂದು ಹನಿಯೂ ಎಲ್ಲೂ ನಿಲ್ಲದೆ ಸರ್ರನೆ ಇಳಿದು ಮೂಲೆಯ ತೂತಿನಲ್ಲಿ ಹೋಯಿತು. ನನಗೆ ನಾನೇ ಚಪ್ಪಾಳೆ ತಟ್ಟಿಕೊಳ್ಳಬೇಕು ಅನ್ನಿಸಿತು.

ಮೊಮ್ಮಗಳು ಬಗ್ಗಿ ನೋಡಿದಳು. ಇನ್ನೊಂದು ಕಡೆ ಸುರಿದಳು. ಮತ್ತೊಂದು ಕಡೆ ಸುರಿದಳು.

"ತಾತ, ಇಟಲಿಗೆ ನೀರೇ ಇಲ್ಲ."

"ಏನಂದೆ?"

"ಇಟಲಿಗಿಲ್ಲ. ಫ್ರಾನ್ಸ್‌ಗಿಲ್ಲ. ಆಸ್ಟ್ರಿಯಾಗೂ ಇಲ್ಲ. ಎಲ್ಲಾ ಜರ್ಮನಿಗೇ ಹೋಯ್ತು." ಪುಸ್ತಕ ತಂದು ತೋರಿಸಿದಳು. ನಾಲ್ಕು ನೀಲಿ ಗೆರೆಗಳು. ರೈನ್ ನದಿ ಜರ್ಮನಿಯ ಕಡೆಯಿಂದ ಉತ್ತರ ಸಮುದ್ರಕ್ಕೆ. ರೋನ್ ನದಿ ಪಶ್ಚಿಮದಲ್ಲಿ ಫ್ರಾನ್ಸಿಗೆ ನುಗ್ಗಿ ಮೆಡಿಟರೇನಿಯನ್ನಿಗೆ. ಟಿಚಿನೊ ಅನ್ನುವುದು ದಕ್ಷಿಣಕ್ಕೆ ಇಟಲಿಯ ಕಡೆ ಇಳಿದು ಏಡ್ರಿಯಾಟಿಕ್ ಸಮುದ್ರಕ್ಕೆ. ಪೂರ್ವದ ಮೂಲೆಯಿಂದ ಇನ್ ಎಂಬ ನದಿ ಆಸ್ಟ್ರಿಯಾಕ್ಕೆ ಹೋಗಿ, ಇನ್ನೊಂದು ದೊಡ್ಡ ನದಿಯನ್ನು ಸೇರಿ, ಎಲ್ಲೋ ದೂರದ ಕಪ್ಪು ಸಮುದ್ರಕ್ಕೆ. ಒಂದು ಸಮುದ್ರವೂ ಇಲ್ಲದ ದೇಶ ನಾಲ್ಕು ಸಮುದ್ರಗಳಿಗೆ ನೀರು ಕೊಡುತ್ತದೆ. ಅದೇ ಅವಳ ಪ್ರಶ್ನೆಗೆ ಉತ್ತರ. ಆ ಉತ್ತರವನ್ನೇ ನಾನು ಗಾರೆ ಹಾಕಿ ಮುಚ್ಚಿಬಿಟ್ಟಿದ್ದೆ.

"ಪುಸ್ತಕದಲ್ಲಿ ತಪ್ಪಿರಬೇಕು" ಎಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಹಾಗೆಂದದ್ದು ನಿಜ.

ಅವಳು ಪುಸ್ತಕ ಮುಚ್ಚಿಟ್ಟಳು. ಹಲಗೆಯ ಎರಡು ಬದಿ ಹಿಡಿದು ಎತ್ತಲು ನೋಡಿದಳು. ಅಲುಗಲಿಲ್ಲ. ಅಳಿಯಂದಿರು ಎತ್ತಿ, ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟರು. ಹದಿನಾರು ಕೆಜಿ. ಮಗುವಿನ ತೂಕವೇ ಇಪ್ಪತ್ತೇಳು.

"ಪರ್ವಾಗಿಲ್ಲ, ನಾನು ಟ್ಯಾಕ್ಸಿಲಿ ಬಿಟ್ ಬರ್ತೀನಿ" ಎಂದರು ಅಳಿಯ.

"ಬೇಡ" ಎಂದಳು ಮೊಮ್ಮಗಳು. "ಇದು ನಂದಲ್ಲ. ಇದು ತಾತಂದು." ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಲ್ಲಿನ ಬಾಗಿಲನ್ನು ಬಡಿಯಲು ಬರುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಬಡಿದಿದ್ದರೆ ವಾಸಿಯಿತ್ತು.

ಆ ಸಂಜೆ ನನ್ನ ಸಿಟ್ಟಿಗೆ ತಲೆ ಬುಡ ಇರಲಿಲ್ಲ. ಮಗುವೇ ಎಲ್ಲ ಹೊರಬೇಕೆನ್ನುವ ಶಾಲೆಯ ಮೇಲೆ ಸಿಟ್ಟು. ನಾಲ್ಕು ದಿಕ್ಕಿಗೆ ನೀರು ಬಿಡುವ ದೇಶದ ಮೇಲೆ ಸಿಟ್ಟು. ಯಾವ ಮೇಸ್ತ್ರಿ ಕಟ್ಟಿದನಪ್ಪ ಅದನ್ನು? ಐದು ದಿನ ಬೆನ್ನು ಬಗ್ಗಿಸಿದವನಿಗೆ ಒಂದು ಒಳ್ಳೆಯ ಮಾತಿಲ್ಲ. ಮಗಳ ಎದುರು ಎಲ್ಲ ಕಕ್ಕಿದೆ. ಅವಳು ಹುರುಳಿಕಾಯಿ ಸೋಸುತ್ತಾ ಕೇಳಿಸಿಕೊಂಡಳು.

"ಅಪ್ಪಾ, ಇದ್ರಲ್ಲಿ ಅವಳು ಮಾಡಿದ್ದೇನು?"

"ನೀರು ಹಾಕಿದ್ಲಲ್ಲ."

"ಹೋದ ವರ್ಷ ಇವ್ರು ಬಟನ್ ಒತ್ತಿಸಿದ್ರು. ಈ ವರ್ಷ ನೀವು ನೀರು ಹಾಕಿಸಿದ್ರಿ. ಅಳಿಯನ್ನ ಬೈತಿದ್ರಲ್ಲ, ಈಗ ಇಬ್ರೂ ಒಂದೇ ತಕ್ಕಡೀಲಿ ಕೂತ್ಕೊಳಿ."

ಕೆಲಸ ಕಲಿಯುವಾಗ ನನ್ನ ಕೈಯಿಂದ ಕರಣೆ ಕಿತ್ತುಕೊಂಡು ತಾನೇ ಬಳಿಯುತ್ತಿದ್ದ ಹಳೆಯ ಮೇಸ್ತ್ರಿಯೊಬ್ಬನಿದ್ದ. ಅವನನ್ನು ನಾನು ಎಷ್ಟು ಶಪಿಸಿದ್ದೆ ಎಂಬುದು ನೆನಪಾಯಿತು.

ಬೆಳಿಗ್ಗೆ ತಿಂಡಿಯಾದ ಮೇಲೆ ಸುತ್ತಿಗೆ ತೆಗೆದುಕೊಂಡು ಬಾಲ್ಕನಿಗೆ ಹೋದೆ. ಮೊಮ್ಮಗಳನ್ನು ಕರೆದೆ. "ನೋಡ್ಕೋ. ತಾತ ಕಟ್ಟಿದ್ದು ತಪ್ಪು" ಎಂದು ಹೇಳಿ ಮೊದಲ ಏಟು ಹಾಕಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, "ನಾನು ಒಂದ್ ಸಲ?" ಎಂದಳು. ಕೊಟ್ಟೆ. ಅತಿ ದೊಡ್ಡ ಶಿಖರವನ್ನು ಅವಳೇ ಉರುಳಿಸಿದಳು. ನಕ್ಕಳು. ನನ್ನ ಕೆಲಸವನ್ನು ಒಡೆಯುತ್ತ ನಗುವ ಮಗುವನ್ನು ನೋಡಿ ಹೊಟ್ಟೆ ಉರಿಯಿತು, ಎದೆ ತಂಪಾಯಿತು, ಎರಡೂ ಒಟ್ಟಿಗೇ.

ಹತ್ತು ನಿಮಿಷದಲ್ಲಿ ಕರೆಗಂಟೆ ಸದ್ದಾಯಿತು. ಕಟ್ಟಡದ ಉಸ್ತುವಾರಿಯ ಮನುಷ್ಯ. ಎಲ್ಲರೂ ಅವರನ್ನು ಕನ್ರಿನಿನ್-ಸಾನ್ ಎನ್ನುತ್ತಾರೆ. ನನ್ನದೇ ವಯಸ್ಸು. ಬಗ್ಗಿ "ಸುಮಿಮಾಸೆನ್" ಎಂದರು. ಕೆಳಗಿನ ಮನೆಯವರಿಗೆ ಸದ್ದು ಕೇಳುತ್ತಿದೆಯಂತೆ. ತಪ್ಪು ಮಾಡಿದವನು ನಾನು, ಕ್ಷಮೆ ಕೇಳುವವರು ಅವರು. ಮರುದಿನ ಚೂರುಗಳನ್ನು ಚೀಲಕ್ಕೆ ತುಂಬಿ ಕಸದ ಕೋಣೆಯಲ್ಲಿಟ್ಟು ಬಂದರೆ ಮಧ್ಯಾಹ್ನದ ಹೊತ್ತಿಗೆ ಚೀಲ ನಮ್ಮ ಬಾಗಿಲಿಗೇ ವಾಪಸು ಬಂದಿತ್ತು, ಮೇಲೊಂದು ಕೆಂಪು ಚೀಟಿ. ಪಕ್ಕದಲ್ಲಿ ಕನ್ರಿನಿನ್-ಸಾನ್, ಮತ್ತೆ ಬಗ್ಗಿಕೊಂಡು.

"ಇದು ಸುಡೋ ಕಸ ಅಲ್ವಂತೆ, ಸುಡದಿರೋ ಕಸಾನೂ ಅಲ್ವಂತೆ" ಎಂದು ಮೊಮ್ಮಗಳು ತರ್ಜುಮೆ ಮಾಡಿದಳು.

"ಮತ್ತೆ ಇನ್ನೇನಂತೆ?"

"ಕಸಾನೇ ಅಲ್ವಂತೆ."

ಜಗಳವಾಡಲು ಎದುರಿಗೆ ಒಬ್ಬ ನೆಟ್ಟಗೆ ನಿಂತ ಮನುಷ್ಯ ಬೇಕು. ಬಗ್ಗಿ ನಿಂತವರ ಜೊತೆ ಯಾರು ಜಗಳವಾಡಲಿ? ನಾನೂ ಬಗ್ಗಿದೆ. ಚೀಲವನ್ನು ಒಳಗೆ ತಂದಿಟ್ಟೆ. ಸಿಟ್ಟು ಹೊಟ್ಟೆಯಲ್ಲೇ ಉಳಿಯಿತು.

ಎರಡನೆಯ ಬಾರಿಗೆ ಕರಾರು ಬಿಗಿಯಾಯಿತು. ಅವಳು ಕೆಲಸ ಮಾಡುವಾಗ ನಾನು ಕುರ್ಚಿಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಳ್ಳಬೇಕು. ಬಾಯಿ ಆಡಿಸಬಹುದು. ಕೈ ಹೊರಬಂದರೆ ದಂಡ. ಆ ದೇಶದ ಸುತ್ತಲಿನ ಐದು ದೇಶಗಳ ಹೆಸರನ್ನು ತಪ್ಪಿಲ್ಲದೆ ಹೇಳಬೇಕು. ಪಶ್ಚಿಮಕ್ಕೆ ಫ್ರಾನ್ಸ್, ಉತ್ತರಕ್ಕೆ ಜರ್ಮನಿ, ಪೂರ್ವಕ್ಕೆ ಆಸ್ಟ್ರಿಯಾ, ಅದರ ಪಕ್ಕದಲ್ಲೇ ಅಂಗೈಯಗಲದ ಲೀಕ್ಟೆನ್‌ಸ್ಟೈನ್, ದಕ್ಷಿಣಕ್ಕೆ ಇಟಲಿ. ಮೊದಲ ವಾರದಲ್ಲಿ ನಾನು ತೆತ್ತ ದಂಡ ಎಷ್ಟೆಂದರೆ ಆ ಅಂಗೈಯಗಲದ ದೇಶದ ಹೆಸರು ನನ್ನ ಬಾಯಲ್ಲಿ ಕನ್ನಡದ ಮಾತಿನ ಹಾಗೇ ಹೊರಳತೊಡಗಿತು. ಆಮೇಲೆ ದಂಡ ಹೆಚ್ಚಾಯಿತು. ಅಲ್ಲಿ ನಾಲ್ಕು ಭಾಷೆ, ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ಸರ್ಕಾರ ಕೂರುವುದು ಬರ್ನ್ ಎಂಬ ಊರಿನಲ್ಲಿ. ಧ್ವಜ ಕೆಂಪು, ನಡುವೆ ಬಿಳಿ ಕೂಡುಚಿಹ್ನೆ, ಆಕಾರ ಸರಿಯಾದ ಚೌಕ, ನಾಲ್ಕೂ ಬದಿ ಸಮ. ಇಡೀ ದೇಶ ನಮ್ಮ ಕರ್ನಾಟಕವನ್ನು ಐದು ಪಾಲು ಮಾಡಿದರೆ ಒಂದು ಪಾಲಿಗಿಂತ ತುಸು ದೊಡ್ಡದು, ಅಷ್ಟೇ. ನನಗೆ ಶಾಲೆಯಲ್ಲಿ ಯಾರೂ ಇಷ್ಟು ಕಲಿಸಿರಲಿಲ್ಲ.

ಮಗಳು ಎತ್ತರದ ಗೆರೆಗಳಿರುವ ನಕ್ಷೆ ತೆಗೆಸಿಕೊಟ್ಟಳು. ಒಂದೊಂದು ಗೆರೆಗೆ ಒಂದೊಂದು ರಟ್ಟು, ಒಂದು ರಟ್ಟೆಂದರೆ ಐನೂರು ಮೀಟರ್ ಎಂದು ಮೊಮ್ಮಗಳೇ ಲೆಕ್ಕ ಹಾಕಿದಳು. ಆ ದೇಶದ ಅತಿ ಎತ್ತರದ ತುದಿ ನಾಲ್ಕು ಸಾವಿರದ ಆರುನೂರು ಮೀಟರಿಗಿಂತ ಮೇಲೆ. ಹಾಗಾಗಿ ಒಂಬತ್ತು ರಟ್ಟು, ಅದರ ಮೇಲೊಂದು ಚೂರು. ಸೂಪರ್ ಮಾರ್ಕೆಟ್ಟಿನಲ್ಲಿ ಬಿಟ್ಟಿ ಸಿಗುವ ಪೆಟ್ಟಿಗೆಗಳನ್ನು ತಂದು, ಗರಗಸದ ಹಲ್ಲಿರುವ ಮಕ್ಕಳ ಚಾಕುವಿನಲ್ಲಿ ಕೊಯ್ದಳು. ಕೊಯ್ದ ಗೆರೆ ವಕ್ರ. ನನ್ನ ಬೆರಳುಗಳು ತೊಡೆಯ ಕೆಳಗೆ ಒದ್ದಾಡಿದವು.

ಮೂರು ರಟ್ಟು ಅಂಟಿಸುವಷ್ಟರಲ್ಲಿ ತಳ ಹಪ್ಪಳದ ಹಾಗೆ ಸೊಟ್ಟಗಾಯಿತು.

"ತಾತ, ಯಾಕೆ?"

"ಅಂಟು ಒಣಗ್ತಾ ಎಳೆಯತ್ತೆ. ಒಂದೇ ಕಡೆಯಿಂದ ಎಳೆದ್ರೆ ಬಾಗದೆ ಇನ್ನೇನು? ಹಿಂದಗಡೇನೂ ಎಳೆಯೋಕೆ ಯಾರಾದ್ರೂ ಬೇಕು."

ಅವಳು ಯೋಚಿಸಿ, ತಳದ ಹಿಂಬದಿಗೂ ಅಂಟು ಬಳಿದು ಕಾಗದ ಮೆತ್ತಿದಳು. ಮೇಲೆ ಭಾರಕ್ಕೆ ಆ ಕಸವಲ್ಲದ ಸಿಮೆಂಟಿನ ಚೂರುಗಳನ್ನೇ ಹೇರಿದಳು. ಬೆಳಿಗ್ಗೆ ತಳ ಮಟ್ಟಸವಾಗಿತ್ತು. ನಾನು ಮುಟ್ಟಿರಲಿಲ್ಲ. ಹೆಮ್ಮೆ ಎಷ್ಟಾಯಿತೆಂದರೆ ಕನ್ರಿನಿನ್-ಸಾನ್ ಎದುರಾದಾಗ ನಾನೇ ಮೊದಲು ಬಗ್ಗಿ ನಮಸ್ಕರಿಸಿದೆ.

ರಟ್ಟಿನ ಮೆಟ್ಟಿಲುಗಳ ಮೇಲೆ, ಅಂಗಡಿಯಲ್ಲಿ ನಾನು ಬೇಡವೆಂದಿದ್ದ ಆ ಕಾಗದದ ಜೇಡಿಯನ್ನೇ ತಂದು ಹಚ್ಚಿ ಇಳಿಜಾರು ಮಾಡುವುದು ಮುಂದಿನ ಕೆಲಸ. ಸಿಮೆಂಟಾದರೆ ನೀರು ಸುರಿದು ಪರೀಕ್ಷೆ ಮಾಡುತ್ತೇವೆ. ಕಾಗದಕ್ಕೆ ನೀರು ತಾಗಿದರೆ ಎಲ್ಲ ಹೋಯಿತು. ಅಡುಗೆ ಮನೆಯಿಂದ ಸಾಸಿವೆ ಡಬ್ಬಿ ತರಲು ಹೇಳಿದೆ. ನೆತ್ತಿಯಿಂದ ಒಂದು ಚಮಚ ಸಾಸಿವೆ ಉರುಳಿಸಿದರೆ ಅದು ನೀರಿನ ದಾರಿಯನ್ನೇ ಹಿಡಿಯುತ್ತದೆ. ಎಲ್ಲಿ ಗುಂಪಾಗಿ ನಿಲ್ಲುತ್ತದೋ ಅಲ್ಲಿ ಹಳ್ಳ. ಅವಳು ಉರುಳಿಸಿದಳು, ನಿಂತಲ್ಲಿ ಜೇಡಿ ತುಂಬಿದಳು, ಮತ್ತೆ ಉರುಳಿಸಿದಳು. ಮನೆಯೆಲ್ಲ ಸಾಸಿವೆ. ಅಳಿಯಂದಿರು ಕಾಲ್ಚೀಲದಿಂದ ಸಾಸಿವೆ ಕೊಡವುತ್ತಾ, "ಒಗ್ಗರಣೆ ಆಫೀಸಿಗೂ ಬಂತು ಮಾವ" ಎಂದರು.

ಪಶ್ಚಿಮದ ಮೂಲೆಯ ಹತ್ತಿರ ಸಾಸಿವೆ ಒಂದು ಮುಷ್ಟಿಯಷ್ಟು ನಿಂತಿತು. ಅವಳು ತುಂಬಲಿಲ್ಲ.

"ತುಂಬು, ತುಂಬು. ಅಲ್ಲಿ ನೀರು ನಿಲ್ಲತ್ತೆ" ಎಂದೆ.

"ನಿಲ್ಲಬೇಕು ತಾತ."

"ನೀರು ನಿಂತ್ರೆ ಮೇಸ್ತ್ರಿ ಮಾನ ಹೋಗತ್ತೆ ಕಣೇ. ತುಂಬು ಅಂದ್ರೆ." ಕೈ ಹೊರಬಂದೇಬಿಟ್ಟಿತು. ಜೇಡಿಯ ಉಂಡೆ ಹಿಡಿದಿದ್ದೆ.

"ದಾಮೆ, ತಾತ. ಬೇಡ. ಅದು ಜಿನೀವಾ ಲೇಕ್. ಅದು ನಿಜವಾಗ್ಲೂ ಇದೆ."

ದಂಡ ತೆತ್ತೆ. ನೀರು ನಿಲ್ಲಿಸಿಯೂ ಮಾನ ಉಳಿಸಿಕೊಂಡ ದೇಶ ಅದು.

ಆಗಸ್ಟಿನ ಕೊನೆಯ ವಾರ ಚಂಡಮಾರುತ ಬರುತ್ತದೆಂದು ಸುದ್ದಿಯಾಯಿತು. ಅದು ಬರುವ ಮೊದಲೇ ಗಾಳಿಯೆಲ್ಲ ಒದ್ದೆ. ಒಣಗಬೇಕಾದ ಜೇಡಿ ಒಣಗದೆ, ಹೊರಗೆ ಬಿಗಿದು ಒಳಗೆ ಹಸಿಯಾಗಿ, ನಡುಬೆಟ್ಟದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ರೈನ್ ಮತ್ತು ರೋನ್ ಎರಡೂ ಹುಟ್ಟುವ ಜಾಗವೇ ಅದು. ಅಲ್ಲಿ ಬಿರುಕಿದ್ದರೆ ನೀರು ಯಾವ ಕಡೆಗೂ ಹೋಗದೆ ಹೊಟ್ಟೆಯೊಳಗೆ ಇಳಿಯುತ್ತದೆ. ಅವಳು ಮೇಲೆ ಮೇಲೆ ಜೇಡಿ ಬಳಿದಳು. ಸಂಜೆಗೆ ಮತ್ತೆ ಬಿಟ್ಟಿತು. ಮತ್ತೆ ಬಳಿದಳು. ಮತ್ತೆ ಬಿಟ್ಟಿತು. "ಸಾಕು. ನಂಗೆ ಬರಲ್ಲ" ಎಂದು ಚಮಚ ಎಸೆದು, ಮರುದಿನ ಬೆಳಿಗ್ಗೆ ರಜೆಯಲ್ಲೂ ನಡೆಯುವ ಶಾಲೆಯ ಈಜುಕೊಳದ ತರಗತಿಗೆ ಹೊರಟುಹೋದಳು.

ಮನೆಯಲ್ಲಿ ನಾನು ಮತ್ತು ಆ ಬೆಟ್ಟ, ಇಬ್ಬರೇ. ಐದು ದಿನ ಉಳಿದಿತ್ತು. ನನ್ನ ಕೈಗೆ ಅದು ಹತ್ತು ನಿಮಿಷದ ಕೆಲಸ. ಸರಿಪಡಿಸಿ, ಅವಳದೇ ವಕ್ರ ಗೆರೆಗಳಂತೆ ಮೇಲೆ ಉಗುರಿನಲ್ಲಿ ಗೀರಿಬಿಟ್ಟರೆ ಅವಳಿಗೂ ಗೊತ್ತಾಗುತ್ತಿರಲಿಲ್ಲ. ಚಮಚ ತೆಗೆದುಕೊಂಡೆ. ಬಿರುಕಿನ ಬಾಯಿಗೆ ಹಿಡಿದೆ.

ಆಮೇಲೆ ಕ್ಲಾಸಿನ ಆ ಹುಡುಗ ಕೇಳುತ್ತಾನಲ್ಲ, ಇದು ಹೇಗೆ ನಿಂತಿತು ಎಂದು? ಮಗು ಬಾಯಿ ತೆರೆದರೆ ಒಳಗೆ ಏನಿರುತ್ತದೆ?

ಚಮಚ ಕೆಳಗಿಟ್ಟೆ. ಅಲ್ಲೇ ಇದ್ದರೆ ಮತ್ತೆ ಎತ್ತಿಕೊಳ್ಳುತ್ತೇನೆ ಎಂದು ಗೊತ್ತಿತ್ತು. ಬೀಗ ಹಾಕಿಕೊಂಡು ಎದೊಗಾವಾ ನದಿಯ ದಂಡೆಗೆ ಹೋಗಿ, ಬಿಸಿಲಲ್ಲಿ ಸರಸರ ನಡೆದೆ. ಯಾರನ್ನು ಬೈಯುತ್ತಿದ್ದೇನೆಂದೇ ತಿಳಿಯದೆ ಬೈದುಕೊಂಡು ನಡೆದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಜೀವನದಲ್ಲಿ ಎಷ್ಟೋ ಗೋಡೆ ಎಬ್ಬಿಸಿದ್ದೇನೆ. ಒಂದು ಬಿರುಕನ್ನು ಮುಟ್ಟದೆ ಬಿಟ್ಟು ಬಂದದ್ದು ಅದೊಂದೇ ಸಲ, ಅಷ್ಟು ದಣಿದದ್ದೂ ಅದೊಂದೇ ಸಲ.

ಅವಳು ಒದ್ದೆ ತಲೆಯಲ್ಲಿ ಮನೆಗೆ ಬಂದು, ಮೊದಲು ಬೆಟ್ಟದ ಹತ್ತಿರವೇ ಹೋದಳು. ಬಗ್ಗಿ ನೋಡಿದಳು. ಬಿರುಕು ಹಾಗೇ ಇತ್ತು. ನನ್ನ ಕಡೆ ತಿರುಗಿದಳು.

"ನೀವು ಮುಟ್ಟಿಲ್ವಾ?"

"ಇಲ್ಲ."

ಕುರ್ಚಿ ಎಳೆದುಕೊಂಡು ಕೂತಳು. "ಹೇಗ್ ಮುಚ್ಚೋದು ಹೇಳಿ. ಬಾಯಲ್ಲಿ."

"ಮೇಲೆ ಬಳಿದ್ರೆ ಬಿರುಕು ಮುಚ್ಚಲ್ಲ, ಅಡಗಿಕೊಳ್ಳತ್ತೆ. ಮೊದ್ಲು ಅದರ ಬಾಯಿ ಅಗಲ ಮಾಡು."

"ಇನ್ನೂ ದೊಡ್ಡದು ಮಾಡೋದಾ?"

"ಹೂಂ. ತಳ ಕಾಣೋವರೆಗೂ ಕೆರಿ. ಒಳಗೆ ಒದ್ದೆ ಮಾಡು. ಆಮೇಲೆ ಜೇಡೀನ ಅಂಟಲ್ಲಿ ಕಲಸಿ, ತಳದಿಂದ ಒತ್ತಿ ಒತ್ತಿ ತುಂಬು. ಒಂದೇ ಸಲ ತುಂಬಬೇಡ, ಮೂರು ಸಲ."

ಅವಳು ಕೆರೆದಳು. ಮಾಡಿದ್ದನ್ನು ತಾನೇ ಕೆರೆಯಲು ಧೈರ್ಯ ಬೇಕು, ತುಟಿ ಕಚ್ಚಿಕೊಂಡೇ ಕೆರೆದಳು. ಚಂಡಮಾರುತ ಮನೆಯ ಮೇಲೆಯೇ ಹಾದುಹೋದ ಎರಡು ದಿನ, ಏಸಿಯನ್ನು ಒಣಗಿಸುವ ಗುಂಡಿಗೆ ತಿರುಗಿಸಿಟ್ಟು, ನಾವೆಲ್ಲ ಶಾಲು ಹೊದ್ದು ಕೂತೆವು. ಮೂರನೆಯ ದಿನ ಬಿರುಕು ಬಿಡಲಿಲ್ಲ. ಹಸಿರು, ಕಂದು, ತುದಿಗೆ ಬಿಳಿ ಬಣ್ಣ ಬಳಿದು, ನೀರು ಒಳಗಿಳಿಯದಂತೆ ಮೂರು ಕೈ ವಾರ್ನಿಶ್ ಹೊಡೆದಳು. ಇಳಿದ ನೀರು ಬೀಳಲು ನಾಲ್ಕು ಮೂಲೆಗೆ ನಾಲ್ಕು ಖಾಲಿ ಮೊಸರಿನ ಕಪ್, ಒಂದೊಂದಕ್ಕೂ ಒಂದೊಂದು ಸಮುದ್ರದ ಹೆಸರು. ತೂಕ ಒಂದು ಮುಕ್ಕಾಲು ಕೆಜಿ.

ಸೆಪ್ಟೆಂಬರ್ ಒಂದರ ಬೆಳಿಗ್ಗೆ ಬೆನ್ನಿಗೆ ಬ್ಯಾಗು, ಅದರ ಮೇಲೆ ಭೂಕಂಪದ ಟೋಪಿ, ಎರಡೂ ಕೈಯಲ್ಲಿ ಸ್ವಿಟ್ಜರ್‌ಲ್ಯಾಂಡ್ ಹಿಡಿದು ಹೊರಟಳು. ಅಳಿಯಂದಿರು ಶೂ ಹಾಕಿಕೊಳ್ಳತೊಡಗಿದರು. "ಮೂಲೆ ತನಕ ಹೋಗ್ತೀನಿ ಮಾವ, ಅಷ್ಟೇ."

"ಅಳಿಯಂದಿರೇ, ಕೂತ್ಕೊಳಿ. ನಿಮ್ಮ ಕೈಯನ್ನೂ ತೊಡೆ ಕೆಳಗೆ ಹಾಕ್ಕೊಳಿ" ಎಂದೆ. ಇಬ್ಬರೂ ಬಾಲ್ಕನಿಯಿಂದ ನೋಡಿದೆವು. ಎರಡು ಸಲ ನಿಂತು ಹಿಡಿತ ಸರಿಮಾಡಿಕೊಂಡಳು. ಮೂಲೆ ತಿರುಗಿದಳು.

ಸಂಜೆ ಬಂದು ಒಂದೇ ಉಸಿರಿಗೆ ಹೇಳಿದಳು. ಹಿಂದಿನ ವರ್ಷದ ಅದೇ ಹುಡುಗ ಕೇಳಿದನಂತೆ, ಇದನ್ನೂ ಅಪ್ಪ ಮಾಡಿದ್ದಾ ಎಂದು. ಇವಳು ಅವನ ಕೈಗೇ ನೀರಿನ ಬಾಟಲಿ ಕೊಟ್ಟಳಂತೆ. "ನೀನು ಎಲ್ಲಿ ಹಾಕ್ತೀಯ ತೋರ್ಸು, ಯಾವ ಸೀಗೆ ಹೋಗತ್ತೆ ನಾನು ಮುಂಚೇನೇ ಹೇಳ್ತೀನಿ ಅಂದೆ ತಾತ." ಪೂರ್ವದ ಮೂಲೆಯಲ್ಲಿ ಹಾಕಿದ, ಕಪ್ಪು ಸಮುದ್ರ ಎಂದಳು, ಹೋಯಿತು. ದಕ್ಷಿಣಕ್ಕೆ ಹಾಕಿದ, ಏಡ್ರಿಯಾಟಿಕ್ ಎಂದಳು, ಹೋಯಿತು. ಒಂದು ಕಡೆ ಮಾತ್ರ ನೀರು ಎಲ್ಲಿಗೂ ಹೋಗದೆ ನಿಂತಿತು. "ಅದು ಲೇಕ್ ಅಲ್ಲ. ಅದು ನನ್ನ ಮಿಸ್ಟೇಕ್ ಅಂದೆ." ಆಮೇಲೆ ಉಳಿದವರೂ ಸಾಲುಗಟ್ಟಿ ಬಾಟಲಿ ಕೇಳಿದರಂತೆ.

ನಾನು ಊರಿಗೆ ಹೊರಡುವ ವಾರದಲ್ಲಿ ಶಾಲೆಯಲ್ಲಿ ಮಕ್ಕಳ ಕೆಲಸಗಳ ಪ್ರದರ್ಶನವಿತ್ತು. ಚಪ್ಪಲಿ ಬಿಚ್ಚಿ, ಅವರು ಕೊಟ್ಟ ಸ್ಲಿಪ್ಪರು ಹಾಕಿಕೊಂಡು ಹೋದೆ. ಸಾಲು ಮೇಜುಗಳ ನಡುವೆ ಅದು ಕೂತಿತ್ತು. ಗೆರೆಗಳು ವಕ್ರ, ಬಿಳಿ ಬಣ್ಣ ಎರಡು ಕಡೆ ಸುರಿದು ಒಣಗಿತ್ತು. ಪಕ್ಕದಲ್ಲೊಂದು ಚೀಟಿ, ಅವಳದೇ ಅಕ್ಷರ.

"ಏನ್ ಬರ್ದಿದೀಯ ಓದು" ಎಂದೆ.

"ಹೆಸರು. ಕ್ಲಾಸು. ಪ್ರಶ್ನೆ. ಉತ್ತರ, ನಾಲ್ಕು ಸೀಗೆ." ಬೆರಳು ಕೊನೆಯ ಸಾಲಿಗೆ ಬಂತು. "ಇದು, ಸಹಾಯ ಮಾಡಿದವರು ಅಂತ ಇರತ್ತೆ. ತಾತ ಅಂತ ಬರ್ದಿದೀನಿ. ಬ್ರಾಕೆಟ್ಟಲ್ಲಿ, ಬಾಯಲ್ಲಿ ಮಾತ್ರ."

ಬಾಯಲ್ಲಿ ಮಾತ್ರವಂತೆ. ನಾಲ್ಕು ವಾರ ತೊಡೆಯ ಕೆಳಗೆ ಕೈ ಜೋಮು ಹಿಡಿಸಿಕೊಂಡು ಕೂತವನಿಗೆ, ಬಿಸಿಲಲ್ಲಿ ನದಿ ದಂಡೆ ಸುತ್ತಿದವನಿಗೆ, ಬಾಯಲ್ಲಿ ಮಾತ್ರ. ಸಿಟ್ಟು ನೆತ್ತಿಗೇರಿತು. ಕಣ್ಣಲ್ಲಿ ನೀರು ಯಾವ ಕಡೆ ಇಳಿಯಬೇಕೆಂದು ತಿಳಿಯದೆ ಎರಡೂ ಕಡೆ ಇಳಿಯಿತು.

"ಇನ್ನೊಂದ್ ಸಲ ಓದು" ಎಂದೆ.